ಗಬ್ಬೂರ ಕ್ರಾಸಿನಿಂದ ಮುಂದ

ಮೋಟೆಬೆನ್ನೂರಿನ ಪಂಕ್ಚರ್ ಅಂಗಡಿ ಮುಂದ
ಆಕಿ ಕುಂತಿದ್ಲು ಸೈಕಲ್ ಅಂಗಾತ ಮಾಡಿ,
ಹೊಟ್ಟಿ ಉಬ್ಬಿದ ಕರಾ ಮಲಗಿಸಿ ಕೈ ಆಡಿಸಿದಂಗ.
ಫ್ರೀವೀಲಿನ ಹಲ್ಲು ಸವದಿದ್ವು. ಪೆಡಲ್ ತುಳದರ
ಗರಗರ ತಿರಗತಿತ್ತು, ಗಾಲಿಗೆ ಸುದ್ದೀನ ಇಲ್ಲ.
"ಈ ಸಾಮಾನು ನಮ್ಮ ಜಿಲ್ಲಾದಾಗ ಸಿಗೂದಿಲ್ಲವ್ವಾ" ಅಂತ
ದಾವಲಸಾಬ ಹತ್ತು ಸಲ ಹೇಳಿದ್ದ. ಆಕಿ ಹತ್ತೂ ಸಲ ನಕ್ಕಿದ್ಲು.

ನನ್ನ ಗಾಡ್ಯಾಗ ಬ್ಯಾಡಗಿ ಮೆಣಸಿನಕಾಯಿ, ಅರವತ್ತು ಚೀಲ.
ಗೋಕುಲ ರೋಡಿನ ಪುಡಿ ಗಿರಣಿಗೆ ನಾಕ ಗಂಟೇಕ್ಕ ಮುಟ್ಟಸಬೇಕು.
"ಹುಬ್ಬಳ್ಳಿ?" ಅಂದ್ಲು. "ಹುಬ್ಬಳ್ಳಿ" ಅಂದೆ.
ಇಷ್ಟಕ್ಕ ಮಾತು ಮುಗೀತು, ಸೈಕಲ್ ಚೀಲದ ಮ್ಯಾಲೆ ಏರಿತು.

ಹೆಸರು ಮಿಲ್ದಾ ಅಂತ. ನಮ್ಮ ಕ್ಲೀನರ್ ಹುಡುಗ ಯಲ್ಲೇಶಿ
ಹಾವೇರಿ ದಾಟೂದ್ರಾಗ ಮಲ್ಲವ್ವ ಮಾಡಿದ್ದ.
ಊರು ಎಲ್ಲೋ ತಣ್ಣನ ಸಮುದ್ರದ ದಂಡಿಗೆ.
ಮನಿ ಬಿಟ್ಟು ನಾಕ ವರ್ಷ ಮೂರ ತಿಂಗಳು,
ಬಟ್ಟು ಮಡಚಿ ಮಡಚಿ ತೋರ್ಸಿದ್ಲು.
ಪಾಸ್‌ಪೋರ್ಟ್ ತಗದ್ಲು: ಶಿಕ್ಕಾ ಮ್ಯಾಲೆ ಶಿಕ್ಕಾ,
ಒಂದ ಪುಟ ಖಾಲಿ. ಯಲ್ಲೇಶಿ ಅದನ್ನ ಬಿಟ್ಟು
ಬ್ಯಾರೆ ಯಾವ ಪುಟಾನೂ ನೋಡಲಿಲ್ಲ.
ಇವತ್ತು ಹುಬ್ಬಳ್ಳಿ. ರಾತ್ರಿ ಗೋವಾದ ಬಸ್ಸು. ನಾಡದ ವಿಮಾನ.
"ಫಿನಿಶ್" ಅಂದು ಎರಡೂ ಕೈ ಝಾಡಿಸಿದ್ಲು,
ಕಡೀ ರೊಟ್ಟಿ ಬಡದ ಮ್ಯಾಲೆ ಹಿಟ್ಟು ಝಾಡಿಸಿದಂಗ.

ಖಾರದ ಗಾಳಿ. ಆಕಿ ಸೀನತಾಳ, ಯಲ್ಲೇಶಿ ಎಣಸತಾನ.
ಬಂಕಾಪುರದ ಹತ್ರ ಹದಿನೇಳು.
ಶಿಗ್ಗಾವಿಯೊಳಗ ಚಹಾ ಕುಡಿಸಿದೆ, ರೊಕ್ಕ ಕೊಡಾಕ ಬಿಡಲಿಲ್ಲ.
ಅಲ್ಲೇ ನೋಡ್ರಿ, ಆಕಿ ಮ್ಯಾಲೆ ಹತ್ತಿ ಸೈಕಲ್ಲಿನ ಮೀಟರ್ ನೋಡಿದ್ದು.
ಗಾಡಿ ಓಟಕ್ಕ ಮುಂದಿನ ಗಾಲಿ ಗಾಳಿಗೆ ತಿರಗಿ ತಿರಗಿ
ಒಂಬತ್ತು ಕಿಲೋಮೀಟರ್ ತಾನ ಹೊಡದಿತ್ತು.
ಮೊದಲ ನಕ್ಕಳು. ಆಮ್ಯಾಲೆ ನಗು ಎಲ್ಲೋ ಸಿಕ್ಕೊಂಡ್ತು.
ಹರಕ ಹಿಂದಿಯೊಳಗ ಕೇಳಿದ್ಲು:
ನಲವತ್ತೊಂದು ಸಾವಿರ ನನ್ನ ಕಾಲಿಂದು.
ಕಡೀ ಒಂಬತ್ತು ಯಾರದು?

ನಾ ಏನ ಹೇಳ್ಲಿ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡದೇನಿ,
ಕೊಲ್ಲಾಪುರದಾಚೆ ಕಂಡಿಲ್ಲ. ನನ್ನ ಮೀಟರ್
ಎರಡು ಸಲ ಸೊನ್ನಿಗೆ ಬಂದು ಹೊಳ್ಳಿ ಸುರು ಆಗೇತಿ.
ಅದ ಹಾದಿ, ಹೋಗೂದು, ಬರೂದು. ಕಡೀ ಅನ್ನೂದನ್ನ
ನನ್ನ ಹಾದಿಗೆ ಯಾರೂ ಹಚ್ಚಿಲ್ಲ.

ತಡಸ ದಾಟಿತು. ವರೂರ ದಾಟಿತು. ಆಕಿ ಮಾತಿಲ್ಲ.
ಗಬ್ಬೂರ ಕ್ರಾಸಿನ್ಯಾಗ ತೋಳ ಮುಟ್ಟಿ "ರೋಕೋ" ಅಂದ್ಲು.
ಕಸಿವಿಸಿ ಆತು. ನಾ ಏನಾರ ತಪ್ಪ ಮಾಡಿದ್ನೇನು?
ಸೈಕಲ್ ಇಳಿಸಿಕೊಂಡ್ಲು. ಹ್ಯಾಂಡಲ್ ಹಿಡದು
ನೂಕ್ಕೋತ ನಡದ್ಲು, ಊರ ಕಡೆ ಮಾರಿ ಮಾಡಿ.
ಆಕಿ ಬ್ಯಾಗು ಒಂದು ನಮ್ಮ ಗಾಡ್ಯಾಗ ಉಳದಿತ್ತು.
ಕರದು ಕೊಟ್ಟು ಹೋಗಬಹುದಿತ್ತು, ಹೌದು.

ಯಲ್ಲೇಶಿ ಇಂಡಿಕೇಟರ್ ಹಾಕಿದ. ಎರಡೂ ಕಡೆ.
ಫಸ್ಟ್ ಗೇರಿನ್ಯಾಗ, ಆಕಿ ಬೆನ್ನಿಗೆ,
ಮದುಮಗಳನ್ನ ಕಳಸಾಕ ಬಂದ ಸೋದರಮಾವನ ಗತೆ
ಮೆಣಸಿನಕಾಯಿ ಗಾಡಿ.
ಹಿಂದಿನ ಬಸ್ಸಿನವ್ರು ಹಾರ್ನ್ ಹೊಡದು, ಬೈದು, ಮುಂದ ಹೋದ್ರು.
"ಯಾರದಲೇ ಮೆರವಣಿಗಿ?" ಅಂದ ಒಬ್ಬ ಆಟೋದಾವ.
ಹಳೇ ಹುಬ್ಬಳ್ಳಿಯೊಳಗ ಒಬ್ಬಾಕಿ ಮುದುಕಿ
ಬುಟ್ಟಿಯೊಳಗಿನ ಪ್ಯಾರಲಹಣ್ಣು ಕೈಯಾಗಿಟ್ಟಳು,
ಯಾಕ, ಏನು, ಕೇಳಲಿಲ್ಲ.
ಬೆವರಿಗೆ ಖಾರ ಅಂಟಿ ಆಕಿ ಕುತ್ತಿಗಿ ಕೆಂಪಗಾಗಿತ್ತು.

ಚೆನ್ನಮ್ಮ ಸರ್ಕಲ್. ಪೊಲೀಸ ಸೀಟಿ ಊದಿದ.
ಆಕಿ ಮೀಟರ್ ನೋಡಿ, ಸಣ್ಣ ಪುಸ್ತಕದಾಗ ಬರದು, ಗೀಟು ಎಳದ್ಲು.
ಆ ಒಂಬತ್ತು ಕಳದ್ಲೋ, ಕೂಡಿಸಿದ್ಲೋ,
ಕೇಳಬೇಕಂದೆ. ಪೊಲೀಸ ಬಾನೆಟ್ ಬಡದ.

ಗಿರಣಿಗೆ ಮುಟ್ಟಿದಾಗ ಆರು ಹೊಡದಿತ್ತು.
"ಬ್ಯಾಡಗಿಯಿಂದ ಇಷ್ಟು ಹೊತ್ತೇನಲೇ?" ಅಂದ ಗುಮಾಸ್ತ.
"ಇವತ್ತ ಹುಬ್ಬಳ್ಳಿ ಸ್ವಲ್ಪ ದೂರ ಇತ್ರಿ" ಅಂದೆ.
ತೂಕದಾಗ ಎರಡು ಕಿಲೋ ಕಮ್ಮಿ ಬಿತ್ತು.
"ನನ್ನ ಲೆಕ್ಕಕ್ಕ ಹಚ್ರಿ."